ಉಜ್ಜಿದರೆ ಗೀರು, ತೊಳೆದರೆ ಹೊಳಪು

ಧೂಳು ಕೂತ ಕಾರು ಒಂದು ವಾರ ಹಾಗೇ ನಿಂತರೆ ಅದರ ಬಣ್ಣಕ್ಕೆ ಹೇಳಿಕೊಳ್ಳುವಂಥ ಹಾನಿಯೇನೂ ಆಗುವುದಿಲ್ಲ. ಅದೇ ಧೂಳಿನ ಮೇಲೆ ಒಣಬಟ್ಟೆ ಆಡಿಸಿದಾಗ ಹಾನಿ ಶುರುವಾಗುತ್ತದೆ. ಹಳದಿ ಬಟ್ಟೆಯನ್ನೋ ಉದ್ದ ಹಿಡಿಯ ಡಸ್ಟರನ್ನೋ ಹಿಡಿದು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಸರಸರ ಒರೆಸುವುದು ನಮ್ಮ ಬೀದಿಗಳಲ್ಲಿ ಬೆಳಗಾದರೆ ಕಾಣುವ ಕೆಲಸ. ಒರೆಸಿದ ಹೊತ್ತಿಗೆ ಕಾರು ಚೊಕ್ಕಟವಾಗಿಯೇ ಕಾಣುತ್ತದೆ. ಹೀಗೆ ಎರಡು ವರ್ಷ ಒರೆಸಿಕೊಂಡ ಕಪ್ಪು ಅಥವಾ ಕಡುನೀಲಿ ಕಾರಿನ ಮೇಲೆ ರಾತ್ರಿ ಹೊತ್ತು ಮೊಬೈಲಿನ ಟಾರ್ಚ್ ಬಿಟ್ಟು ನೋಡಿ. ಬೆಳಕಿನ ಸುತ್ತ ಲೆಕ್ಕವಿಲ್ಲದಷ್ಟು ನವಿರು ಗೀರುಗಳು ಸುತ್ತುಸುತ್ತಾಗಿ ಕಾಣುತ್ತವೆ. ಗೀರುಗಳು ಬಿದ್ದಿರುವುದು ಎಲ್ಲ ದಿಕ್ಕಿಗೂ. ಬೆಳಕಿಗೆ ಅಡ್ಡವಾಗಿರುವವು ಮಾತ್ರ ಮಿನುಗುವುದರಿಂದ ಕಣ್ಣಿಗೆ ಸುತ್ತಿನಂತೆ ಕಾಣುತ್ತವೆ. ಡೀಟೇಲಿಂಗ್ ಅಂಗಡಿಯವರು ಇವನ್ನು ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ಅವರಿಗೆ ಬರುವ ಗಿರಾಕಿಗಳಲ್ಲಿ ಬಹಳಷ್ಟು ಮಂದಿ ಇದೇ ಕಾರಣಕ್ಕೆ ಬರುವವರು.

ಇದು ಹೇಗಾಗುತ್ತದೆ ಎಂದು ತಿಳಿಯಲು ಬಣ್ಣದ ಪದರಗಳನ್ನು ನೋಡಬೇಕು. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ನಾವು ಬಿಳಿ, ಕೆಂಪು ಎಂದು ಕರೆಯುವ ಬಣ್ಣ, ಎಲ್ಲದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಹೊಳಪು ಕೊಡುವುದೂ ಬಿಸಿಲು ತಡೆಯುವುದೂ ಈ ಕೊನೆಯ ಪದರವೇ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಇನ್ನು ನಮ್ಮ ಧೂಳು. ಬಯಲುಸೀಮೆಯ ಕೆಂಪು ಮಣ್ಣಾಗಲಿ, ಕಟ್ಟಡ ಕೆಲಸದ ಎಂ-ಸ್ಯಾಂಡ್ ಆಗಲಿ, ಅದರಲ್ಲಿ ಬೆಣಚುಕಲ್ಲಿನ ಕಣಗಳು ಧಾರಾಳ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7, ಕಿಟಕಿ ಗಾಜಿಗೆ ಸುಮಾರು 5.5. ಗಾಜನ್ನೇ ಗೀರಬಲ್ಲ ಕಣಕ್ಕೆ ಕ್ಲಿಯರ್ ಕೋಟ್ ಯಾವ ಲೆಕ್ಕ! ಬಟ್ಟೆ ಎಷ್ಟು ಮೃದುವಾಗಿದ್ದರೂ ಅದರಡಿ ಸಿಕ್ಕಿಕೊಂಡ ಕಣ ಮೃದುವಾಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಕಾರು ತೊಳೆಯುವ ಕೆಲಸದ ಗುರಿ ಒಂದೇ: ಆ ಕಣವನ್ನು ಬಣ್ಣದ ಮೇಲೆ ಎಳೆದಾಡದೆ, ನೀರಿನಲ್ಲಿ ತೇಲಿಸಿ ತೆಗೆಯುವುದು. ಮುಂದೆ ಹೇಳುವುದೆಲ್ಲ ಇದಕ್ಕಾಗಿಯೇ.

ನೀರಿನ ಮಾತು ಮೊದಲು ಆಡಿಬಿಡಬೇಕು. ಮನೆಯ ನಲ್ಲಿಗೆ ಪೈಪು ಸಿಕ್ಕಿಸಿ 15 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ. ಒಂದೂವರೆ ನಿಮಿಷಕ್ಕೆ ತುಂಬಿದರೆ, ಪೈಪು ಬಿಟ್ಟುಕೊಂಡು ಇಪ್ಪತ್ತು ನಿಮಿಷ ತೊಳೆದಾಗ ಚರಂಡಿಗೆ ಹೋಗುವುದು 200 ಲೀಟರ್. 2024ರ ಮಾರ್ಚ್‌ನಲ್ಲಿ ಬರದ ನಡುವೆ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದೆಂದು ಆದೇಶ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರುವರಿಯಲ್ಲಿ ಅಂಥದೇ ಆದೇಶ ಮತ್ತೆ ಬಂತು. ದಂಡದ ಭಯ ಒತ್ತಟ್ಟಿಗಿರಲಿ, ಎಷ್ಟೋ ಊರುಗಳಲ್ಲಿ ಬೇಸಿಗೆ ಬಂತೆಂದರೆ ಕೊಡಕ್ಕೆ ಕಾಯುವ ಜನರಿದ್ದಾರೆ. ಅವರ ಕಣ್ಣೆದುರು ಪೈಪು ಹಿಡಿದು ಕಾರು ತೊಳೆಯುವುದು ನನಗಂತೂ ಸರಿಕಾಣುವುದಿಲ್ಲ. ಮೂರು ಬಕೆಟ್ ನೀರಿದ್ದರೆ ಸಾಮಾನ್ಯ ಕೊಳೆಯ ಕಾರು ಚೆನ್ನಾಗಿಯೇ ಆಗುತ್ತದೆ.

ಯಾವ ನೀರು ಎಂಬುದೂ ಮುಖ್ಯ. ಕೊಳವೆಬಾವಿಯ ನೀರು ಹೆಚ್ಚಿನ ಕಡೆ ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುವ ಆ ನೀರು ಬಿಸಿಲಲ್ಲಿ ಆರಿದರೆ ಬಿಳಿ ಉಂಗುರಗಳು ಉಳಿಯುತ್ತವೆ. ಹಾಗೇ ಬಿಟ್ಟರೆ ಗಾಜಿನ ಮೇಲೂ ಬಣ್ಣದ ಮೇಲೂ ಕಚ್ಚಿಕೊಳ್ಳುತ್ತವೆ, ಶಾಂಪೂವಿಗೆ ಜಗ್ಗುವುದಿಲ್ಲ. ಹೊಸ ಕಲೆಯಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಅದ್ದಿ ಒಂದು ನಿಮಿಷ ಇಟ್ಟು, ಒರೆಸಿ, ಕೂಡಲೇ ತೊಳೆದರೆ ಹೋಗುತ್ತದೆ. ಅಡುಗೆಮನೆಯ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಕಾರಿಗೆ ಬಳಸುವುದು ಈಗ ರೂಢಿ. ಒಳ್ಳೆಯದೇ, ಆದರೆ ಯಂತ್ರ ಶೋಧಿಸಿ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಅದನ್ನು ಚಕ್ರದ ಕೆಸರಿಗೆ, ಮೊದಲ ಸುತ್ತಿನ ಧೂಳಿಗೆ ಹಾಕಿ. ಕೊನೆಯ ಸುತ್ತಿಗೆ ಮಳೆನೀರು, ಅದಿಲ್ಲದಿದ್ದರೆ ಎ.ಸಿ. ಪೈಪಿನಿಂದ ತೊಟ್ಟಿಕ್ಕಿ ಶೇಖರವಾದ ನೀರು ಇಟ್ಟುಕೊಳ್ಳಿ. ಎ.ಸಿ. ನೀರು ಗಾಳಿಯ ತೇವ ತಣಿದು ಬಂದದ್ದು, ಲವಣ ಇಲ್ಲವೆನ್ನುವಷ್ಟು ಕಡಿಮೆ. ಒಂದು ಬಕೆಟ್ ಸಾಕು, ಕಲೆ ನಿಲ್ಲದಂತೆ ಕಾರು ಆರುತ್ತದೆ.

ಇನ್ನು ಕೆಲಸ. ಬೆಳಗ್ಗೆ ಬಿಸಿಲೇರುವ ಮುಂಚೆ ಅಥವಾ ಸಂಜೆ, ನೆರಳಲ್ಲಿ. ಓಡಿಸಿ ತಂದ ಕಾರಾದರೆ ಬಾನೆಟ್ ತಣ್ಣಗಾಗುವವರೆಗೆ ಕಾಯಿರಿ. ಬಿಸಿ ತಗಡಿನ ಮೇಲೆ ಶಾಂಪೂ ಒಣಗಿ ಪಟ್ಟೆಪಟ್ಟೆಯಾಗಿ ನಿಲ್ಲುತ್ತದೆ. ಚಕ್ರಗಳನ್ನು ಮೊದಲು ಮುಗಿಸಬೇಕು. ಬ್ರೇಕ್ ಪ್ಯಾಡ್ ಸವೆದು ಉದುರಿದ ಕಪ್ಪು ಪುಡಿಯಲ್ಲಿ ಕಬ್ಬಿಣದ ಚೂರುಗಳಿರುತ್ತವೆ. ಚಕ್ರ ಕೊನೆಗಿಟ್ಟರೆ ಆ ಕೊಳೆ ತೊಳೆದಿಟ್ಟ ಬಾಗಿಲಿಗೆ ಸಿಡಿಯುತ್ತದೆ. ಚಕ್ರಕ್ಕೆ ಬಳಸುವ ಬಟ್ಟೆ, ಬ್ರಷ್, ಬಕೆಟ್ ಬೇರೆಯೇ ಇರಲಿ, ಎಂದಿಗೂ ಬಾಡಿಗೆ ತಾಗಬಾರದು. ಮಡ್‌ಗಾರ್ಡಿನ ಒಳಬದಿಯ ಕೆಸರನ್ನು ಇದೇ ಹೊತ್ತಿಗೆ ಬಿಡಿಸಿ. ಮಲೆನಾಡಿನ ಮಳೆಗಾಲದಲ್ಲಿ ಓಡಾಡುವ ಕಾರಿಗೆ ತುಕ್ಕು ಹಿಡಿಯುವುದು ಹೆಚ್ಚಾಗಿ ಇಂಥ ಮರೆಯಲ್ಲಿ. ಹಸಿ ಕೆಸರು ದಿನಗಟ್ಟಲೆ ತಗಡಿಗೆ ಮೆತ್ತಿಕೊಂಡೇ ಇರುತ್ತದಲ್ಲ.

ನಂತರ ಮೇಲಿಂದ ಕೆಳಕ್ಕೆ ಮಗ್ಗಿನಲ್ಲಿ ನೀರು ಸುರಿದು ಧೂಳು ನೆನೆಯಲು ಬಿಡಿ. ಈ ಹಂತದಲ್ಲಿ ಕೈ ತಾಗಿಸಬೇಡಿ. ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪನ್ನು ಹೊಸದಾಗಿ ಕೊಂಡು ಕಾರಿಗೇ ಮೀಸಲಿಟ್ಟರೆ ಕಡಿಮೆ ನೀರಲ್ಲಿ ಹೆಚ್ಚು ಧೂಳು ಇಳಿಯುತ್ತದೆ. ಪ್ರೆಶರ್ ವಾಶರ್ ಇದ್ದರೆ ಕನಿಷ್ಠ ಒಂದೂವರೆ ಅಡಿ ದೂರದಿಂದ ಬಿಡಿ. ಕಲ್ಲೇಟು ಬಿದ್ದು ಬಣ್ಣ ಎದ್ದ ಜಾಗ, ಸ್ಟಿಕ್ಕರ್ ಅಂಚು, ಬಾಗಿಲ ರಬ್ಬರು ಇಲ್ಲೆಲ್ಲ ಹತ್ತಿರದಿಂದ ಹೊಡೆದರೆ ಕಿತ್ತುಬರುತ್ತದೆ.

ಈಗ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ, ಟಾಪಿನ ಅರ್ಧ ಭಾಗಕ್ಕೆ ನೇರ ಗೆರೆಯಲ್ಲಿ ಹಗುರಾಗಿ ಆಡಿಸಿ. ಒತ್ತುವುದು ಬೇಡ, ಕೈಗವಸಿನ ಭಾರವೇ ಸಾಕು. ಮತ್ತೆ ಶಾಂಪೂವಿಗೆ ಅದ್ದುವ ಮುಂಚೆ ಬರೀ ನೀರಿನ ಬಕೆಟ್ಟಿನಲ್ಲಿ ಚೆನ್ನಾಗಿ ಜಾಲಿಸಿ ಹಿಂಡಿ. ಮೊದಲ ಸಲ ಹೀಗೆ ಮಾಡಿದವರು ಕೊನೆಯಲ್ಲಿ ಆ ಬಕೆಟ್ಟಿನ ತಳ ನೋಡಲೇಬೇಕು: ಕಂದು ನೀರಿನಡಿ ಮರಳು ಪದರವಾಗಿ ಕೂತಿರುತ್ತದೆ. ಒಂದೇ ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೊಳೆದಿದ್ದರೆ ಅದಷ್ಟೂ ಬಟ್ಟೆಗೆ ಹತ್ತಿ ಮತ್ತೆ ಬಾನೆಟ್ಟಿನ ಮೇಲೆ ಓಡಾಡುತ್ತಿತ್ತು. ಟಾಪು, ಗಾಜು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲರ್ಧ ಮುಗಿದ ಮೇಲೆ ಬಾಗಿಲಿನ ಕೆಳರ್ಧ, ಬಂಪರ್. ಹೆಚ್ಚು ಮಣ್ಣಿರುವುದು ಕೆಳಗಾದ್ದರಿಂದ ಅದಕ್ಕೆ ಕೊನೆಯ ಸರದಿ. ಪ್ರತಿ ಭಾಗ ಮುಗಿದಂತೆ ನೊರೆ ಒಣಗುವ ಮೊದಲೇ ನೀರು ಸುರಿಯಿರಿ.

ಶಾಂಪೂ ಅಂದರೆ ಕಾರಿನ ಶಾಂಪೂವೇ. ಪಾತ್ರೆ ತೊಳೆಯುವ ಲಿಕ್ವಿಡ್ ಜಿಡ್ಡು ತೆಗೆಯಲೆಂದೇ ಮಾಡಿದ್ದು, ಬಣ್ಣದ ಮೇಲಿನ ವ್ಯಾಕ್ಸನ್ನೂ ತೆಗೆದುಬಿಡುತ್ತದೆ. ಬಟ್ಟೆ ಒಗೆಯುವ ಪುಡಿ ಕ್ಷಾರ, ಸಾಲದ್ದಕ್ಕೆ ಪೂರ್ತಿ ಕರಗದ ಕಣಗಳು ಬಟ್ಟೆಯಲ್ಲಿ ಉಳಿಯುತ್ತವೆ. ಎರಡೂ ಬೇಡ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನೀರು ಸುರಿಯಲು ಅನುಮತಿ ಇಲ್ಲದವರಿಗೆ ರಿನ್ಸ್‌ಲೆಸ್ ವಾಶ್ ಎಂಬ ದ್ರವ ಬಂದಿದೆ. ಬಾಟಲಿಯ ಮೇಲೆ ಹೇಳಿದಷ್ಟನ್ನು ಒಂದು ಬಕೆಟ್ ನೀರಿಗೆ ಹಾಕಿದರೆ, ಅದರಲ್ಲಿರುವ ಪಾಲಿಮರ್ ಧೂಳಿನ ಕಣವನ್ನು ಸುತ್ತುವರಿದು ಜಾರುವಂತೆ ಮಾಡುತ್ತದೆ. ಕೆಲವು ಮೈಕ್ರೋಫೈಬರ್ ಬಟ್ಟೆಗಳನ್ನು ಅದರಲ್ಲಿ ನೆನೆಹಾಕಿ, ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ ಹಿಡಿಯಿರಿ. ಹಾಗೆ ಮಡಿಚಿದರೆ ಎಂಟು ಮುಖ ಸಿಗುತ್ತವೆ. ಒಂದು ಮುಖದಿಂದ ಒಂದು ಸಲ ಎಳೆದು, ಮಗುಚಿ ಇನ್ನೊಂದು ಮುಖ. ಕೊಳೆಯಾದ ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಅದ್ದಬೇಡಿ. ನಗರದ ವಾರದ ಧೂಳಿಗೆ ಇದು ಸಾಕಾಗುತ್ತದೆ, ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಸರು ಮೆತ್ತಿದ ಕಾರಿಗೆ ಮಾತ್ರ ಆಗದು.

ಒರೆಸುವುದಕ್ಕೆ ದಪ್ಪನೆಯ ಮೈಕ್ರೋಫೈಬರ್ ಟವೆಲ್ ಬೇಕು. ಬಾನೆಟ್ಟಿನ ಮೇಲೆ ಹರಡಿ, ಎರಡು ತುದಿ ಹಿಡಿದು ಮೆಲ್ಲನೆ ಎಳೆದುಕೊಂಡರೆ ನೀರು ಕುಡಿದುಬಿಡುತ್ತದೆ. ಹಳೇ ಬನಿಯನ್ನು, ಪಂಚೆಯ ತುಂಡು ಎಂಜಿನ್ ಕೋಣೆಗೆ ಇರಲಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿಕೊಂಡು ಮತ್ತೆ ಬಳಸಬೇಡಿ. ಮೈಕ್ರೋಫೈಬರನ್ನು ಬೇರೆ ಬಟ್ಟೆಗಳ ಜೊತೆ ಒಗೆದರೆ ಹತ್ತಿಯ ಎಳೆ ಅಂಟಿಕೊಳ್ಳುತ್ತದೆ, ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ನೀರು ಹೀರುವ ಗುಣವೇ ಹೋಗುತ್ತದೆ.

ಕಾರು ತೊಳೆದಾದ ಮೇಲೆ ನೇರ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಹೋಗಿಬಿಡುವವರು ಬಹಳ. ಒದ್ದೆ ಡಿಸ್ಕ್ ರಾತ್ರಿಯೊಳಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಮೇಲ್ಮೈ ತುಕ್ಕು, ಭಯ ಬೇಡ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಆದರೆ ಅದೇ ಸ್ಥಿತಿಯಲ್ಲಿ ದಿನಗಟ್ಟಲೆ ನಿಂತರೆ ಬ್ರೇಕ್ ಕಚ್ಚಿಕೊಳ್ಳುತ್ತದೆ. ಬೀದಿಯಲ್ಲಿ ಒಂದು ಸುತ್ತು ಹೋಗಿ, ಬ್ರೇಕ್ ಒಣಗಿಸಿಕೊಂಡು ಬಂದು ನಿಲ್ಲಿಸಿ.

ಶಾಂಪೂವಿಗೆ ಬಗ್ಗದ ಕೊಳೆಗಳದು ಬೇರೆಯೇ ಕಥೆ, ಒಂದೊಂದಕ್ಕೂ ಒಂದೊಂದು ಸ್ವಭಾವ. ಹಕ್ಕಿಯ ಹಿಕ್ಕೆ ಆಮ್ಲೀಯ. ಬಿಸಿಲಿಗೆ ಕಾದ ಬಣ್ಣದ ಮೇಲೆ ಅದು ಒಣಗಿದರೆ ಕ್ಲಿಯರ್ ಕೋಟನ್ನೇ ಕೆತ್ತಿ ಅಚ್ಚು ಉಳಿಸುತ್ತದೆ. ಒದ್ದೆ ಬಟ್ಟೆ ಅಥವಾ ಟಿಶ್ಯೂವನ್ನು ಅದರ ಮೇಲೆ ಹತ್ತು ನಿಮಿಷ ಹೊದಿಸಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಕೆರೆಯಬೇಡಿ, ಹಿಕ್ಕೆಯಲ್ಲಿ ಬೀಜ, ಮರಳು ಇರುತ್ತವೆ. ಮಾವಿನ ಮರದಡಿ ನಿಲ್ಲಿಸುವವರಿಗೆ ಹೂವಿನ ಕಾಲದಲ್ಲಿ ಗಾಜೆಲ್ಲ ಜಿಗುಟಾಗುವುದು ಗೊತ್ತಿರುತ್ತದೆ. ಅದು ಜಿಗಿಹುಳು ಸುರಿಸುವ ಸಕ್ಕರೆಯ ಅಂಟು. ಸಕ್ಕರೆಯಾದ್ದರಿಂದ ಉಗುರುಬೆಚ್ಚಗಿನ ನೀರಿಗೆ ಸಲೀಸಾಗಿ ಕರಗುತ್ತದೆ, ಬೇರೇನೂ ಬೇಡ. ಡಾಂಬರು ಹಾಗಲ್ಲ. ಹಲಸಿನ ಮೇಣ ಹೇಗೆ ನೀರಿಗೆ ಜಗ್ಗದೆ ಎಣ್ಣೆಗೆ ಬಿಡುತ್ತದೋ ಹಾಗೆಯೇ ಡಾಂಬರಿಗೂ ಎಣ್ಣೆಯೇ ಮದ್ದು. ಚುಕ್ಕಿಗಳ ಮೇಲೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಒರೆಸಿ, ಆ ಜಾಗವನ್ನು ಶಾಂಪೂ ಹಾಕಿ ತೊಳೆಯಿರಿ. ಹಳೆಯ ಗಟ್ಟಿ ಡಾಂಬರಿಗೆ ಅಂಗಡಿಯ ಟಾರ್ ರಿಮೂವರ್ ಬೇಕಾದೀತು. ಕಡಲ ತೀರಕ್ಕೆ ಹೋಗಿಬಂದ ಕಾರಿಗೆ ಉಪ್ಪಿನ ಕಾಟ. ಮಲ್ಪೆಯಿಂದಲೋ ಮುರುಡೇಶ್ವರದಿಂದಲೋ ಮರಳಿದ ಮರುದಿನವೇ ಮೇಲ್ಭಾಗಕ್ಕಿಂತ ಕೆಳಭಾಗಕ್ಕೆ ಸಿಹಿನೀರು ಹೊಡೆಯಿರಿ. ಈ ಒಂದು ಕೆಲಸಕ್ಕೆ ಸರ್ವಿಸ್ ಸ್ಟೇಷನ್ನಿನಲ್ಲಿ ಕಾರು ಮೇಲೆತ್ತಿಸಿ ತೊಳೆಸುವುದು ವಾಸಿ.

ಆಯುಧಪೂಜೆಯ ವಿಷಯ ಹೇಳದಿದ್ದರೆ ಈ ಲೇಖನ ಅಪೂರ್ಣ. ವರ್ಷಕ್ಕೊಮ್ಮೆ ನಾಡಿನ ಹೆಚ್ಚಿನ ಕಾರುಗಳು ಮನಸ್ಸಿಟ್ಟು ತೊಳೆಸಿಕೊಳ್ಳುವುದು ಅಂದೇ, ಕಲೆ ಮಾಡಿಕೊಳ್ಳುವುದೂ ಅಂದೇ. ಪೂಜೆಯ ಹಿಂದಿನ ದಿನ ತೊಳೆದು ತೆಳ್ಳಗೆ ವ್ಯಾಕ್ಸ್ ಹಚ್ಚಿದರೆ ಅರಿಶಿನ ಕುಂಕುಮ ಬಣ್ಣಕ್ಕೆ ಇಳಿಯುವುದಿಲ್ಲ. ಗಂಧ, ಕುಂಕುಮವನ್ನು ಗಾಜಿನ ಮೇಲೆ ಇಟ್ಟರೆ ಇನ್ನೂ ಒಳ್ಳೆಯದು. ಬಾಳೆಕಂದನ್ನು ಕಟ್ಟುವಾಗ ಕತ್ತರಿಸಿದ ತುದಿ ಬಂಪರಿಗೆ ತಾಗದಂತೆ ಕವರು ಸುತ್ತಿ. ಬಾಳೆಯ ಕರೆ ಬಟ್ಟೆಯ ಮೇಲಿಂದಲೇ ಹೋಗುವುದಿಲ್ಲ, ಬಿಳಿ ಬಣ್ಣದ ಮೇಲಿಂದ ಹೋಗುವುದೂ ಕಷ್ಟ. ಹಾರವನ್ನು ದಾರದಲ್ಲಿ ಕಟ್ಟಿ, ಟೇಪು ಅಂಟಿಸಬೇಡಿ. ಮರುದಿನ ಕುಂಕುಮದ ಪುಡಿಯನ್ನು ಒಣಗಿದ್ದಂತೆಯೇ ಒರೆಸದೆ ನೀರು ಸುರಿದು ಇಳಿಸಿ. ಅರಿಶಿನದ ಮೇಲೆ ಸೋಪು ಹಾಕಿದರೆ ಕೆಂಪಗಾಗುತ್ತದೆ; ಗಾಬರಿ ಬೇಡ, ಉಳಿದ ಹಳದಿ ಬಿಸಿಲಿಗೆ ತಾನಾಗಿ ಮಾಸುತ್ತದೆ. ಹಾಗೆಯೇ ರಸ್ತೆಯಲ್ಲಿ ಒಡೆದ ಬೂದುಗುಂಬಳವನ್ನು ಪಕ್ಕಕ್ಕೆ ಸರಿಸಿ. ಅದರ ಮೇಲೆ ಜಾರಿ ಬಿದ್ದ ಬೈಕ್ ಸವಾರರ ಸುದ್ದಿ ಪ್ರತಿ ವರ್ಷ ಕೇಳುತ್ತೇವೆ.

ತೊಳೆಯುವುದಕ್ಕೂ ಡೀಟೇಲಿಂಗಿಗೂ ಇರುವ ವ್ಯತ್ಯಾಸ ಕೈಗೆ ತಿಳಿಯುತ್ತದೆ. ತೊಳೆದು ಆರಿಸಿದ ಬಾನೆಟ್ಟಿನ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಕವರು ಹಾಕಿಕೊಂಡು ಬೆರಳ ತುದಿ ಆಡಿಸಿ. ನುಣುಪಾಗಿರದೆ ತರಿತರಿ ಅನಿಸಿದರೆ, ಶಾಂಪೂವಿಗೆ ಸಿಗದ ಕಬ್ಬಿಣದ ಪುಡಿ, ಸಿಡಿದ ಪೇಂಟು ಕಚ್ಚಿಕೊಂಡಿವೆ ಎಂದರ್ಥ. ಇದಕ್ಕೆ ಕ್ಲೇ ಬಾರ್ ಎಂಬ ಮೆದು ಮುದ್ದೆ ಬರುತ್ತದೆ. ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಅದರ ಮೇಲೆ ಮುದ್ದೆಯನ್ನು ಜಾರಿಸುತ್ತಾ ಹೋದರೆ ತರಿ ಹಿಡಿದುಕೊಂಡು ಬರುತ್ತದೆ. ಮುದ್ದೆ ನೆಲಕ್ಕೆ ಬಿದ್ದರೆ ಬಿಸಾಡಿ. ವರ್ಷಕ್ಕೆ ಒಂದೆರಡು ಸಲ ಸಾಕು.

ಪಾಲಿಷ್ ಮತ್ತು ವ್ಯಾಕ್ಸ್ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಪಾಲಿಷ್ ಅಂದರೆ ಸವೆಸುವುದು. ಗೀರಿನ ಅಂಚುಗಳನ್ನು ಉಜ್ಜಿ ಸಮ ಮಾಡುವಾಗ ಕ್ಲಿಯರ್ ಕೋಟಿನ ಒಂದಷ್ಟು ಪಾಲು ಹೋಗುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ. ಪ್ರತಿ ಸರ್ವಿಸಿಗೂ ‘ರಬ್ಬಿಂಗ್ ಪಾಲಿಷ್ ಹಾಕಿಸಿ ಸರ್’ ಎಂದು ಕೇಳುವವರಿಗೆ ಬೇಡ ಎನ್ನುವುದೇ ಸರಿಯಾದ ಉತ್ತರ. ವ್ಯಾಕ್ಸ್ ಸವೆಸುವುದಿಲ್ಲ, ಮೇಲೊಂದು ತೆಳು ಪದರ ಕಟ್ಟುತ್ತದೆ. ಒಳ್ಳೆಯ ವ್ಯಾಕ್ಸ್‌ಗಳಲ್ಲಿರುವ ಕಾರ್ನೌಬಾ ಮೇಣ ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಎಲೆಗಳಿಂದ ಬರುತ್ತದೆ. ನಮ್ಮ ಬಿಸಿಲಲ್ಲಿ ಅದರ ಬಾಳಿಕೆ ಒಂದೆರಡು ತಿಂಗಳು. ದಪ್ಪಗೆ ಮೆತ್ತಿದರೆ ಪ್ರಯೋಜನವಿಲ್ಲ. ತೆಳ್ಳಗೆ ಹಚ್ಚಿ, ಮಂಜಾದ ಮೇಲೆ ಒರೆಸಿ ತೆಗೆಯಿರಿ. ನೀರು ಹನಿಹನಿಯಾಗಿ ನಿಲ್ಲುತ್ತಿರುವವರೆಗೆ ಪದರ ಇದೆ, ಹಾಳೆಯಾಗಿ ಹರಡತೊಡಗಿದರೆ ಮತ್ತೆ ಹಚ್ಚುವ ಕಾಲ ಬಂತು.

ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಬಾಳುತ್ತದೆ, ಬೆಲೆಯೂ ಹಾಗೇ. ಅದರ ಜಾಹೀರಾತಿನಲ್ಲಿ ಕಾಣುವ ‘9ಎಚ್’ ಪೆನ್ಸಿಲ್ ಗಡಸುತನದ ಅಳತೆ. ಮೋಸ್ ಮಾಪಕದ ಒಂಬತ್ತಲ್ಲ. ಬೆಣಚುಕಲ್ಲಿನ ಕಣ ಅದನ್ನೂ ಗೀರುತ್ತದೆ. ಕೊಳೆ ಬೇಗ ಬಿಡುತ್ತದೆ ಎಂಬುದೇ ಅದರ ನಿಜವಾದ ಲಾಭ. ಕಲ್ಲೇಟು ತಡೆಯಬಲ್ಲದ್ದು ಪಿಪಿಎಫ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಮಾತ್ರ.

ಕಾರು ತೊಳೆಯುವ ಹೊತ್ತಿಗೆ ಮರೆಯದೆ ನೋಡಬೇಕಾದ ಎರಡು ಜಾಗಗಳಿವೆ. ಬಾಗಿಲು ತೆರೆದು ಅದರ ಕೆಳ ಅಂಚನ್ನು ಸವರಿದರೆ ಸಣ್ಣ ತೂತುಗಳು ಸಿಗುತ್ತವೆ. ಗಾಜಿನ ಸಂದಿಯಿಂದ ಒಳಗಿಳಿದ ಮಳೆನೀರು ಹೊರಹೋಗುವ ದಾರಿ ಅದು. ಮಣ್ಣು ಕಟ್ಟಿದ್ದರೆ ತೆಂಗಿನ ಪೊರಕೆಯ ಕಡ್ಡಿಯಿಂದ ಬಿಡಿಸಿ. ಇಲ್ಲದಿದ್ದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇನ್ನೊಂದು, ವೈಪರ್ ಬುಡದ ಜಾಲರಿ. ಹೊಂಗೆ, ಮಳೆಮರ, ಗುಲ್‌ಮೊಹರ್ ಅಡಿ ನಿಲ್ಲುವ ಕಾರಿನಲ್ಲಿ ಎಲೆ, ಹೂವು ಅಲ್ಲಿ ಸೇರಿ ಕೊಳೆತು ನೀರಿನ ದಾರಿ ಮುಚ್ಚುತ್ತವೆ. ಆಗ ಜೋರು ಮಳೆಯ ನೀರು ಎ.ಸಿ. ಗಾಳಿಯ ದಾರಿಯಲ್ಲಿ ಕಾರಿನೊಳಕ್ಕೆ ಇಳಿಯುತ್ತದೆ. ಮ್ಯಾಟಿನಡಿ ಒದ್ದೆ, ಮುಗ್ಗಲು ವಾಸನೆ ಎಂದು ದೂರುವವರು ಮೊದಲು ಇಲ್ಲಿ ನೋಡಲಿ.

ಒಳಗಿನ ಕೆಲಸ ಸರಳ: ಮ್ಯಾಟ್ ತೆಗೆದು ಕೊಡವಿ, ವ್ಯಾಕ್ಯೂಮ್ ಹಿಡಿದು, ಡ್ಯಾಶ್‌ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಪಳಪಳ ಹೊಳೆಸುವ ಸಿಲಿಕೋನ್ ಸ್ಪ್ರೇ ಬೇಡ, ಆ ಹೊಳಪು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ಅದನ್ನು ಸ್ಟೇರಿಂಗಿಗಾಗಲಿ ಪೆಡಲಿಗಾಗಲಿ ಹಚ್ಚಿದರೆ ಜಾರಿ ಪ್ರಾಣಕ್ಕೇ ಸಂಚಕಾರ. ಗಾಜಿನ ಒಳಬದಿ ಮರೆಯಬೇಡಿ. ಬಿಸಿಲಿಗೆ ಪ್ಲಾಸ್ಟಿಕ್ಕಿನಿಂದ ಏಳುವ ಆವಿ ಅಲ್ಲಿ ಜಿಡ್ಡಿನ ಪೊರೆಯಾಗಿ ಕೂತು, ರಾತ್ರಿ ಎದುರಿನ ದೀಪ ಬಿದ್ದಾಗ ಗಾಜೆಲ್ಲ ಮಂಜಾಗುತ್ತದೆ.

ಇಷ್ಟೆಲ್ಲ ತಾವೇ ಮಾಡಿಕೊಳ್ಳುವವರು ಕಡಿಮೆ. ನಗರಗಳಲ್ಲಿ ಹೆಚ್ಚಿನ ಕಾರುಗಳನ್ನು ತೊಳೆಯುವುದು ನಸುಕಿನಲ್ಲಿ ಬಂದು ಸಾಲಾಗಿ ಹತ್ತಾರು ಕಾರುಗಳನ್ನು ಒಂದೇ ಬಕೆಟ್ಟಿನಲ್ಲಿ ಮುಗಿಸಬೇಕಾದ ಕೆಲಸಗಾರರು. ಬಣ್ಣದ ಮೇಲೆ ಗೀರು ಬಿತ್ತೆಂದು ಅವರನ್ನು ದೂರುವುದು ನ್ಯಾಯವಲ್ಲ. ಎರಡು ಬಕೆಟ್, ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ಬಾಟಲಿ ಶಾಂಪೂ ನಿಮ್ಮ ಕಾರಿಗೆಂದೇ ಕೊಡಿ. ದಿನವೂ ಒಣಬಟ್ಟೆಯಲ್ಲಿ ಒರೆಸುವುದು ಬೇಡ, ವಾರಕ್ಕೆ ಒಂದು ಸಲ ನಿಧಾನವಾಗಿ ತೊಳೆದರೆ ಸಾಕು ಎಂದು ಕೂತು ಮಾತಾಡಿ ತಿಳಿಸಿ. ಕೆಲಸದ ದಿನ ಕಡಿಮೆಯಾಯಿತೆಂದು ತಿಂಗಳ ಹಣದಲ್ಲಿ ಒಂದು ರೂಪಾಯಿಯನ್ನೂ ಮುರಿಯಬೇಡಿ.